ಮಂಡ್ಯ ಸೀಮೆಯ ಜನಪದ ಗೀತೆಗಳೂ ಗಿಟಾರಿನ ಬೆರಳ ಮೀಟೂ

೧. ಪ್ರಸ್ತಾವನೆ

ಜನಪದ ಗೀತೆಗೆ ಎರಡು ಅಂಗಗಳುಂಟು. ಒಂದು ಅದರ ಮಾತು, ಇನ್ನೊಂದು ಅದರ ದಾಟಿ. ನಮ್ಮ ನಾಡಿನಲ್ಲಿ ಹಳ್ಳಿಯ ಹಾಡುಗಳ ಸಂಗ್ರಹಕಾರ್ಯ ಮೊದಲಾದಂದಿನಿಂದ ಮಾತಿಗೆ ದೊರೆತಷ್ಟು ಗಮನ ದಾಟಿಗೆ ದೊರೆತಿಲ್ಲವೆಂಬುದು ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರೆಲ್ಲರೂ ಬಲ್ಲ ವಿಷಯ. ಕೃಷ್ಣರಾಜಪೇಟೆ ತಾಲ್ಲೂಕಿನ ಬಂಡಿಹೊಳೆಯ ಅರ್ಚಕ ಬಿ. ರಂಗಸ್ವಾಮಿಯವರು ‘ಹುಟ್ಟಿದ ಹಳ್ಳಿ ಹಳ್ಳಿಯ ಹಾಡು’ ಎಂಬ ಗ್ರಂಥವನ್ನು ೧೯೩೩ರಲ್ಲಿ ಹೊರತಂದು, ಒಂದೇ ಊರಿನ ಬಾಳುವೆಯೊಡನೆ ಅದರ ಹಾಡನ್ನೂ ಕಟ್ಟಿಕೊಟ್ಟರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ೧೯೬೬ರಲ್ಲಿ ಕನ್ನಡ ಅಧ್ಯಯನ ಸಂಸ್ಥೆಯೂ ೧೯೬೮ರಲ್ಲಿ ಜಾನಪದ ವಸ್ತುಸಂಗ್ರಹಾಲಯವೂ ಸ್ಥಾಪಿತವಾದ ಮೇಲೆ ಸಂಗ್ರಹಕಾರ್ಯಕ್ಕೆ ಶಾಸ್ತ್ರೀಯವಾದ ಶಿಸ್ತು ಒದಗಿತು. ನಾಗಮಂಗಲ ತಾಲ್ಲೂಕಿನವರೇ ಆದ ಜೀ. ಶಂ. ಪರಮಶಿವಯ್ಯನವರು ದಕ್ಷಿಣ ಕರ್ನಾಟಕದ ವೃತ್ತಿಗಾಯಕರ ಕಾವ್ಯಪ್ರಕಾರಗಳನ್ನು ವಿಂಗಡಿಸಿ ವಿವರಿಸಿದರು. ಅದೇ ತಾಲ್ಲೂಕಿನ ಎಚ್. ಎಲ್. ನಾಗೇಗೌಡರು ೧೯೭೯ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ಮುಂದೆ ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದರು. ಇವರೆಲ್ಲರ ಶ್ರಮದ ಫಲವಾಗಿ ಸಾವಿರಾರು ಪುಟಗಳಷ್ಟು ಹಾಡು ಇಂದು ನಮ್ಮ ಕೈಗೆ ಸಿಕ್ಕುತ್ತದೆ. ಆದರೆ ಅಚ್ಚಾದ ಪುಟ ಮಾತನ್ನು ಹಿಡಿದಿಡಬಲ್ಲುದೇ ಹೊರತು ದಾಟಿಯನ್ನಲ್ಲ. ದಾಟಿಯು ಹಾಡುವವರ ಕಂಠದಲ್ಲಿದೆ. ಆ ಕಂಠ ಅಡಗಿದ ದಿನ ಅದೂ ಅಡಗುತ್ತದೆ.

ಈ ಕೊರತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಪ್ರಕೃತ ಲೇಖನದಲ್ಲಿ ಒಂದು ಸಣ್ಣ ಪ್ರಶ್ನೆಯನ್ನು ವಿಚಾರಿಸಬಯಸುತ್ತೇವೆ. ಇಂದಿನ ಕಾಲೇಜು ವಿದ್ಯಾರ್ಥಿಗಳಲ್ಲಿ ಅನೇಕರ ಕೈಯಲ್ಲಿ ಗಿಟಾರ್ ಇದೆ. ಅವರಲ್ಲಿ ಕೆಲವರು ತಮ್ಮ ಊರಿನ ಹಾಡುಗಳನ್ನು ಅದರ ಮೇಲೆ ನುಡಿಸಲು ಮನಸ್ಸುಮಾಡುತ್ತಾರೆ. ಪರದೇಶದಿಂದ ಬಂದ ಈ ವಾದ್ಯದಿಂದ ನಮ್ಮ ದಾಟಿಗಳಿಗೆ ಉಪಕಾರವಾಗುವುದೋ ಅಪಕಾರವಾಗುವುದೋ? ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು. ಗಿಟಾರು ನಮ್ಮ ತಂಬೂರಿಯಿಂದ ಪಾಠ ಕಲಿತರೆ ದಾಟಿಯನ್ನು ಉಳಿಸಬಲ್ಲುದು. ಕಲಿಯದಿದ್ದರೆ ಉಳಿದಿರುವ ಅಲ್ಪಸ್ವಲ್ಪವನ್ನೂ ಅಳಿಸಬಲ್ಲುದು. ಈ ಎರಡರ ನಡುವಣ ಅಂತರವು ಬಲಗೈಯ ಬೆರಳುಗಳನ್ನು ಹೇಗೆ ಬಳಸುತ್ತೇವೆಂಬುದರಲ್ಲಿ ಅಡಗಿದೆ.

೨. ಪ್ರದೇಶ ಮತ್ತು ಹಾಡುಗಳು

ವಿಚಾರವು ಗಾಳಿಯಲ್ಲಿ ತೇಲದಿರಲೆಂದು ಒಂದು ನೆಲೆಯನ್ನು ಆರಿಸಿಕೊಳ್ಳೋಣ. ಮಂಡ್ಯ ನಗರಕ್ಕೆ ಸಮೀಪದಲ್ಲಿರುವ ಹೊಳಲು ಗ್ರಾಮವೂ ಅದರ ಆಚೆಗೆ ಮದ್ದೂರು ಮಳವಳ್ಳಿಗಳವರೆಗೆ ಹಬ್ಬಿರುವ ಸೀಮೆಯೂ ನಮ್ಮ ನೆಲೆ. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದ ಮೇಲೆ ಈ ಸೀಮೆಯ ಬಹುಭಾಗ ಬತ್ತ ಕಬ್ಬುಗಳ ನಾಡಾಯಿತು. ೧೯೩೩ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಆರಂಭವಾಯಿತು. ೧೯೩೯ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಬೇಸಾಯ ಬದಲಾದಂತೆ ಹಾಡಿನ ಸಂದರ್ಭಗಳೂ ಬದಲಾದುವು. ರಾಗಿಕಲ್ಲಿನ ಮುಂದೆ ಹುಟ್ಟಿದ ಪದಗಳು ಹಿಟ್ಟಿನ ಗಿರಣಿ ಬಂದೊಡನೆ ತಮ್ಮ ಕೆಲಸವನ್ನು ಕಳೆದುಕೊಂಡುವು. ನಾಟಿಯ ಕಾಲದ ಪದಗಳು ಗದ್ದೆಯಲ್ಲಿ ಅಲ್ಲಲ್ಲಿ ಉಳಿದವು. ಮದುವೆಯ ಸೋಬಾನೆ ಪದಗಳು ಧ್ವನಿವರ್ಧಕದ ಸಿನಿಮಾ ಹಾಡುಗಳೊಡನೆ ಸೆಣಸಬೇಕಾಯಿತು.

ಗಿಟಾರಿನ ಪ್ರಶ್ನೆಗೆ ಉಪಯುಕ್ತವಾದ ಮೂರು ಬಗೆಯ ಹಾಡುಗಳನ್ನು ಮಾತ್ರ ಇಲ್ಲಿ ಗಮನಕ್ಕೆ ತೆಗೆದುಕೊಳ್ಳುತ್ತೇವೆ. ಮೊದಲನೆಯದು ಬೀಸುವ ಪದ: ಒಬ್ಬಳೋ ಇಬ್ಬರೋ ಹೆಂಗಸರು ಕಲ್ಲಿನ ಸುತ್ತಿಗೆ ಹೊಂದಿಸಿಕೊಂಡು ಹಾಡತಕ್ಕದ್ದು. ಎರಡನೆಯದು ಸೋಬಾನೆ: ಒಬ್ಬಾಕೆ ಮುಂದಾಗಿ ಹೇಳಿ, ಉಳಿದವರು ಸೊಲ್ಲು ಹಿಡಿದು ತಿರುಗಿ ಹೇಳತಕ್ಕದ್ದು. ಮೂರನೆಯದು ತಂಬೂರಿಯ ಪದ: ಮಂಟೇಸ್ವಾಮಿಯ ಪರಂಪರೆಗೆ ಸೇರಿದ ನೀಲಗಾರರು ರಾತ್ರಿಯೆಲ್ಲ ಕಥೆ ನಡಸುತ್ತ ಹಾಡತಕ್ಕದ್ದು. ಈ ಮೂರನೆಯದಕ್ಕೆ ನಮ್ಮ ಸೀಮೆಯೊಡನೆ ವಿಶೇಷವಾದ ನಂಟುಂಟು. ಮಂಟೇಸ್ವಾಮಿಯ ಮಠವಿರುವ ಬೊಪ್ಪೇಗೌಡನಪುರ ಮಳವಳ್ಳಿ ತಾಲ್ಲೂಕಿನಲ್ಲಿದೆ. ಶಿಷ್ಯನಾದ ಸಿದ್ದಪ್ಪಾಜಿ ಪಾಂಚಾಳರಿಂದ ಕಬ್ಬಿಣದ ಭಿಕ್ಷೆ ಬೇಡಿದನೆಂದು ಕಾವ್ಯ ಹೇಳುವ ಹಲಗೂರೂ ಅದೇ ತಾಲ್ಲೂಕಿಗೆ ಸೇರಿದೆ. ಕಾವ್ಯದ ಭೂಗೋಳವೂ ಕೇಳುವವರ ಭೂಗೋಳವೂ ಒಂದೇ ಆಗಿರುವುದು ಈ ಪರಂಪರೆಯ ಬಲಗಳಲ್ಲೊಂದು.

೩. ನಮ್ಮ ವಾದ್ಯಗಳಲ್ಲಿ ಬೆರಳಿನ ಕೆಲಸ

ಗಿಟಾರನ್ನು ನುಡಿಸುವ ಕ್ರಮಗಳಲ್ಲಿ ಬಹು ರೂಢಿಯಲ್ಲಿರುವುದು, ಎಡಗೈಯಿಂದ ಮೂರು ನಾಲ್ಕು ಸ್ವರಗಳ ಒಂದು ಗುಂಪನ್ನು ಒಟ್ಟಿಗೆ ಒತ್ತಿ ಹಿಡಿದು ಬಲಗೈಯಿಂದ ಎಲ್ಲ ತಂತಿಗಳನ್ನೂ ಒಮ್ಮೆಗೇ ಉಜ್ಜುವುದು. ಈ ಗುಂಪಿಗೆ ಕಾರ್ಡ್ ಎಂದು ಹೆಸರು. ಇದಲ್ಲದೆ ಇನ್ನೊಂದು ಕ್ರಮವುಂಟು. ಅದರಲ್ಲಿ ಬಲಗೈಯ ಹೆಬ್ಬೆರಳು ಕೆಳಶ್ರುತಿಯ ದಪ್ಪ ತಂತಿಗಳನ್ನು ಲಯಬದ್ಧವಾಗಿ ಮೀಟುತ್ತಿರಲು, ತೋರುಬೆರಳು, ನಡುಬೆರಳು, ಉಂಗುರಬೆರಳುಗಳು ತೆಳುವಾದ ತಂತಿಗಳಲ್ಲಿ ಹಾಡಿನ ದಾಟಿಯನ್ನು ಬಿಡಿಸುತ್ತವೆ. ಇದನ್ನು ನಾವು ಬೆರಳ ಮೀಟು ಎಂದು ಕರೆಯುತ್ತೇವೆ. ಹೆಬ್ಬೆರಳು ತೋರುಬೆರಳುಗಳ ನಡುವೆ ಪಿಕ್ಕು ಎಂಬ ಸಣ್ಣ ಬಿಲ್ಲೆಯನ್ನು ಹಿಡಿದು ಅದರಿಂದ ದಪ್ಪ ತಂತಿಗಳನ್ನು ಮೀಟುತ್ತ, ನಡುಬೆರಳು ಉಂಗುರಬೆರಳುಗಳಿಂದ ಉಳಿದವನ್ನು ನುಡಿಸುವ ಮೂರನೆಯ ಕ್ರಮಕ್ಕೆ ಮಿಶ್ರ ಮೀಟು ಎನ್ನಬಹುದು.

ಬೆರಳ ಮೀಟು ನಮಗೆ ಹೊಸತೆಂದು ಭಾವಿಸುವುದು ಸರಿಯಲ್ಲ. ಶಾಸ್ತ್ರೀಯ ವೀಣೆಯನ್ನೇ ನೋಡಿ. ವೈಣಿಕರು ತೋರುಬೆರಳು ನಡುಬೆರಳುಗಳಿಂದ ಸ್ವರದ ತಂತಿಗಳನ್ನು ಮೀಟುತ್ತಾರೆ. ಅದೇ ಕೈಯ ಕಿರುಬೆರಳು ಪಕ್ಕದಲ್ಲಿರುವ ಮೂರು ತಾಳದ ತಂತಿಗಳನ್ನು ಮೀಟಿ ಶ್ರುತಿಯನ್ನೂ ಲಯವನ್ನೂ ಕಾಯುತ್ತದೆ. ಗಿಟಾರಿನಲ್ಲಿ ಹೆಬ್ಬೆರಳು ಮಾಡುವ ಕೆಲಸವನ್ನು ಇಲ್ಲಿ ಕಿರುಬೆರಳು ಮಾಡುತ್ತದೆ, ತತ್ತ್ವ ಒಂದೇ. ಇನ್ನು ಜನಪದದ ಕಡೆಗೆ ತಿರುಗಿದರೆ ಕಿನ್ನರಿ ಜೋಗಿಗಳ ಕಿನ್ನರಿ ಕಾಣಸಿಗುತ್ತದೆ. ಸೋರೆಬುರುಡೆಗಳನ್ನು ಕಟ್ಟಿದ ದಂಡಿಗೆಯ ಮೇಲೆ ಮೆಟ್ಟಿಲುಗಳನ್ನು ಕೂರಿಸಿ, ಅರ್ಜುನ ಜೋಗಿಯ ಕಥೆಯನ್ನು ಹಾಡುವವರು ನುಡಿಸುವ ವಾದ್ಯವಿದು. ೧೨ನೆಯ ಶತಮಾನದ ಶರಣರಲ್ಲಿ ಒಬ್ಬರಾದ ಕಿನ್ನರಿ ಬೊಮ್ಮಯ್ಯನವರ ಹೆಸರಿನಲ್ಲೂ ೧೩ನೆಯ ಶತಮಾನದ ಶಾರ್ಙ್ಗದೇವನ ‘ಸಂಗೀತರತ್ನಾಕರ’ದಲ್ಲೂ ಕಿನ್ನರಿ ಬರುವುದರಿಂದ, ಮೆಟ್ಟಿಲುಳ್ಳ ತಂತಿವಾದ್ಯವನ್ನು ಬೆರಳಿನಿಂದ ಮೀಟಿ ಹಾಡಿಗೆ ಜೊತೆಮಾಡುವ ರೂಢಿ ಈ ನಾಡಿನಲ್ಲಿ ಎಷ್ಟು ಹಳೆಯದೆಂಬುದನ್ನು ಊಹಿಸಬಹುದು.

ನೀಲಗಾರರ ತಂಬೂರಿಗೆ ಮೆಟ್ಟಿಲುಗಳಿಲ್ಲ. ಅದು ದಾಟಿಯನ್ನು ನುಡಿಸುವುದಿಲ್ಲ. ಮುಖ್ಯ ಗಾಯಕನು ಒಂದು ಕೈಯಲ್ಲಿ ತಂಬೂರಿಯನ್ನು ಮೀಟುತ್ತ ಇನ್ನೊಂದು ಕೈಯಲ್ಲಿ ಗಗ್ಗರವನ್ನು ಆಡಿಸುತ್ತಾನೆ. ಡಕ್ಕಿ ತಾಳಗಳವರು ಜೊತೆಗಿದ್ದು ಸೊಲ್ಲು ಹೇಳುತ್ತಾರೆ. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ತಂಬೂರಿಯು ಕೊಡುವುದು ಆಧಾರ ಷಡ್ಜವನ್ನೂ ಅದರ ಸಂವಾದಿಯನ್ನೂ ಮಾತ್ರ. ಹಾಡು ಯಾವ ಕಡೆಗೆ ನಡೆದರೂ ಅದು ತನ್ನ ಜಾಗವನ್ನು ಬಿಟ್ಟು ಕದಲುವುದಿಲ್ಲ. ಅಡಿಪಾಯ ಕದಲದಿರುವುದರಿಂದಲೇ ಅದರ ಮೇಲೆ ನಿಂತ ಕಂಠಕ್ಕೆ ಏರಲು, ಇಳಿಯಲು, ತಡೆಯಲು, ಬಾಗಲು ಸ್ವಾತಂತ್ರ್ಯವಿದೆ. ಗಿಟಾರು ತಂಬೂರಿಯಿಂದ ಕಲಿಯಬೇಕಾದ ಪಾಠವೆಂದು ನಾವು ಹೇಳಿದ್ದು ಇದನ್ನೇ.

ಪರದೇಶದ ಉದಾಹರಣೆಗಳೂ ಇದನ್ನು ಬೆಂಬಲಿಸುತ್ತವೆ. ಅಮೆರಿಕದ ದಕ್ಷಿಣ ಭಾಗದ ಹಳ್ಳಿಗಾಡಿನಲ್ಲಿ ಬೆರಳ ಮೀಟನ್ನು ಬೆಳೆಸಿದವರು ಸಂಗೀತಶಾಲೆಯವರಲ್ಲ. ಕೆಂಟಕಿಯ ಕಲ್ಲಿದ್ದಲು ಸೀಮೆಯ ಮರ್ಲ್ ಟ್ರಾವಿಸ್ (೧೯೧೭–೧೯೮೩) ಹೆಬ್ಬೆರಳು ತೋರುಬೆರಳುಗಳಿಂದಲೇ ತನ್ನ ಕ್ರಮವನ್ನು ರೂಪಿಸಿಕೊಂಡನು. ೧೯೮೭ರಲ್ಲಿ ತೀರಿಕೊಂಡ ಉತ್ತರ ಕೆರೊಲಿನಾದ ಎಲಿಜಬೆತ್ ಕಾಟನ್ ಎಂಬಾಕೆ ಎಡಗೈಯವಳಾದುದರಿಂದ, ಬಲಗೈಯವರಿಗಾಗಿ ತಂತಿ ಕಟ್ಟಿದ ಗಿಟಾರನ್ನು ತಿರುಗಿಸಿ ಹಿಡಿದು, ಹೆಬ್ಬೆರಳಿನಿಂದ ದಾಟಿಯನ್ನೂ ಉಳಿದ ಬೆರಳುಗಳಿಂದ ದಪ್ಪ ತಂತಿಗಳನ್ನೂ ನುಡಿಸಿದಳು. ಬೆರಳುಗಳ ಹಂಚಿಕೆ ಯಾವುದೇ ಇರಲಿ, ಒಂದು ಆಧಾರ ನಿಲ್ಲಬೇಕು, ಇನ್ನೊಂದು ಹಾಡಬೇಕು ಎಂಬುದಷ್ಟೇ ಇವರೆಲ್ಲರ ಸೂತ್ರ.

೪. ಶ್ರುತಿಯ ವಿಚಾರ

ರೂಢಿಯ ಗಿಟಾರಿನಲ್ಲಿ ದಪ್ಪ ತಂತಿಯಿಂದ ತೆಳು ತಂತಿಯವರೆಗೆ ಈ, ಎ, ಡಿ, ಜಿ, ಬಿ, ಈ ಎಂದು ಶ್ರುತಿ ಇರುತ್ತದೆ. ತೆಳುವಾದುದು ಒಂದನೆಯ ತಂತಿ, ದಪ್ಪನಾದುದು ಆರನೆಯದು ಎಂದು ಎಣಿಸುವುದು ವಾಡಿಕೆ. ಈ ಶ್ರುತಿಯು ಕಾರ್ಡುಗಳನ್ನು ಹಿಡಿಯಲು ಅನುಕೂಲವಾದುದು. ಷಡ್ಜ ಪಂಚಮಗಳ ಮೇಲೆ ನಿಂತ ನಮ್ಮ ಹಾಡಿಗೆ ಅಷ್ಟಾಗಿ ಅನುಕೂಲವಲ್ಲ. ಇಂಗ್ಲೆಂಡಿನ ಡೇವಿ ಗ್ರಹಾಂ ಎಂಬ ವಾದಕನು ೧೯೬೦ರ ದಶಕದ ಆದಿಭಾಗದಲ್ಲಿ ಬಳಕೆಗೆ ತಂದ ಶ್ರುತಿಯೊಂದುಂಟು. ಆರನೆಯ, ಎರಡನೆಯ, ಒಂದನೆಯ ತಂತಿಗಳನ್ನು ಎರಡೆರಡು ಮೆಟ್ಟಿಲಿನಷ್ಟು ಸಡಿಲಿಸಿದರೆ ಅದು ಡಿ, ಎ, ಡಿ, ಜಿ, ಎ, ಡಿ ಎಂದಾಗುತ್ತದೆ. ಡಿ ಸ್ವರವನ್ನೇ ಷಡ್ಜವೆಂದು ಎಣಿಸಿದರೆ ಇದು ನಮಗೆ ಅಪರಿಚಿತವಲ್ಲ. ಸ, ಪ, ಸ, ಮ, ಪ, ಸ ಎಂದೇ ಆಗುತ್ತದೆ. ದಪ್ಪನಾದ ಮೂರು ತಂತಿಗಳು ಹೀಗೆ ತಾವಾಗಿಯೇ ತಂಬೂರಿಯಾಗಿ ನಿಲ್ಲುತ್ತವೆ; ಎಡಗೈ ಅವುಗಳನ್ನು ಮುಟ್ಟಬೇಕಾಗಿಯೇ ಇಲ್ಲ.

ಉಳಿದ ಮೂರು ತಂತಿಗಳಲ್ಲಿ ಸ್ವರಗಳು ಎಲ್ಲಿ ದೊರೆಯುತ್ತವೆಂಬುದನ್ನು ವಿದ್ಯಾರ್ಥಿಯು ಮೊದಲು ಬಾಯಿಪಾಠ ಮಾಡಬೇಕು. ಮೂರನೆಯ ತಂತಿಯನ್ನು ಒತ್ತದೆ ಮೀಟಿದರೆ ಶುದ್ಧ ಮಧ್ಯಮ. ಎರಡನೆಯದನ್ನು ಒತ್ತದೆ ಮೀಟಿದರೆ ಪಂಚಮ, ಅದರ ೨ನೆಯ ಮೆಟ್ಟಿಲಿನಲ್ಲಿ ಚತುಶ್ರುತಿ ಧೈವತ, ೩ನೆಯದರಲ್ಲಿ ಕೈಶಿಕಿ ನಿಷಾದ, ೪ನೆಯದರಲ್ಲಿ ಕಾಕಲಿ ನಿಷಾದ. ಒಂದನೆಯ ತಂತಿಯನ್ನು ಒತ್ತದೆ ಮೀಟಿದರೆ ಷಡ್ಜ, ೨ನೆಯ ಮೆಟ್ಟಿಲಿನಲ್ಲಿ ಚತುಶ್ರುತಿ ರಿಷಭ, ೩ರಲ್ಲಿ ಸಾಧಾರಣ ಗಾಂಧಾರ, ೪ರಲ್ಲಿ ಅಂತರ ಗಾಂಧಾರ, ೫ರಲ್ಲಿ ಮಧ್ಯಮ, ೭ರಲ್ಲಿ ಪಂಚಮ. ಹಳ್ಳಿಯ ಹಾಡುಗಳಲ್ಲಿ ಅನೇಕವು ನಾಲ್ಕರಿಂದ ಆರು ಸ್ವರಗಳ ಎಲ್ಲೆಯೊಳಗೇ ನಡೆಯುವುದರಿಂದ, ಮೊದಲ ಐದು ಮೆಟ್ಟಿಲುಗಳ ಅಳತೆಯಲ್ಲಿಯೇ ಬಹುತೇಕ ಕೆಲಸ ಮುಗಿಯುತ್ತದೆ. ಹಾಡುವವರ ಷಡ್ಜ ಡಿ ಆಗಿರದಿದ್ದರೆ, ಕೇಪೊ ಎಂಬ ಹಿಡಿಕೆಯನ್ನು ಬೇಕಾದ ಮೆಟ್ಟಿಲಿನಲ್ಲಿ ಕಚ್ಚಿಸಿ ಇಡೀ ವಾದ್ಯದ ಶ್ರುತಿಯನ್ನು ಏರಿಸಿಕೊಳ್ಳಬೇಕು. ಹಾಡು ವಾದ್ಯಕ್ಕೆ ಹೊಂದಿಕೊಳ್ಳತಕ್ಕದ್ದಲ್ಲ. ವಾದ್ಯ ಹಾಡಿಗೆ ಹೊಂದಿಕೊಳ್ಳತಕ್ಕದ್ದು.

ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಹೇಳಬೇಕು. ಗಿಟಾರಿನ ಮೆಟ್ಟಿಲುಗಳು ಸ್ಥಾಯಿಯನ್ನು ೧೨ ಸಮಭಾಗ ಮಾಡಿ ಕೂರಿಸಿದವು. ಸ್ಥಾಯಿಯ ೧೨೦೦ರಲ್ಲಿ ಒಂದು ಪಾಲಿಗೆ ಸೆಂಟು ಎಂದು ಹೆಸರು. ಈ ಸಮವಿಭಾಗದಲ್ಲಿ ಪಂಚಮವು ಸಹಜ ಪಂಚಮಕ್ಕಿಂತ ಸುಮಾರು ೨ ಸೆಂಟು ಮಾತ್ರ ಕಡಮೆ. ಕಿವಿಗೆ ಅದು ಹೆಚ್ಚು ಬಾಧಕವಲ್ಲ. ಆದರೆ ಅಂತರ ಗಾಂಧಾರವು ಸಹಜ ಗಾಂಧಾರಕ್ಕಿಂತ ಸುಮಾರು ೧೪ ಸೆಂಟು ಹೆಚ್ಚು. ಇದಕ್ಕಿಂತ ಮುಖ್ಯವಾಗಿ, ಹಳ್ಳಿಯ ಗಾಯಕರ ಗಾಂಧಾರವು ಎಷ್ಟೋ ವೇಳೆ ಸಾಧಾರಣಕ್ಕೂ ಅಂತರಕ್ಕೂ ನಡುವೆ ಎಲ್ಲೋ ನಿಲ್ಲುತ್ತದೆ. ಏರುವಾಗ ಒಂದು ಕಡೆ, ಇಳಿಯುವಾಗ ಇನ್ನೊಂದು ಕಡೆ. ಆಧಾರವಾಗಿ ಷಡ್ಜ ಪಂಚಮಗಳು ಮಾತ್ರ ಮೊಳಗುತ್ತಿದ್ದರೆ, ೩ನೆಯ ಮೆಟ್ಟಿಲಿನಲ್ಲಿ ತಂತಿಯನ್ನು ಬೆರಳಿನಿಂದ ತುಸು ಪಕ್ಕಕ್ಕೆ ಎಳೆದು ಆ ನಡುವಣ ಗಾಂಧಾರವನ್ನು ಪಡೆಯಬಹುದು. ಕಾರ್ಡ್ ಹಿಡಿದರೆ ಈ ದಾರಿ ಮುಚ್ಚಿಹೋಗುತ್ತದೆ. ಏಕೆಂದರೆ ಕಾರ್ಡಿನೊಳಗೆ ಗಾಂಧಾರವೂ ಒಂದು ಸ್ವರ. ಅದು ಸಾಧಾರಣವೋ ಅಂತರವೋ ಎಂಬುದನ್ನು ವಾದ್ಯವೇ ಮೊದಲು ತೀರ್ಮಾನಿಸಿ ಹಾಡುವವರ ಮೇಲೆ ಹೇರುತ್ತದೆ. ಗಿಟಾರಿನೊಡನೆ ಹಾಡಿದ ಎಷ್ಟೋ ಜನಪದ ಗೀತೆಗಳು ‘ಚೆನ್ನಾಗಿವೆ, ಆದರೆ ಊರಿನ ಹಾಡಿನಂತಿಲ್ಲ’ ಎಂದು ಕೇಳುಗರಿಗೆ ಅನಿಸುವುದಕ್ಕೆ ಇದೊಂದು ಪ್ರಬಲ ಕಾರಣ.

೫. ಹೆಬ್ಬೆರಳಿನ ಶಿಕ್ಷಣ

ಕಲಿಯುವವರು ಮೊದಲ ಕೆಲವು ವಾರ ದಾಟಿಯ ಗೊಡವೆಗೆ ಹೋಗದೆ ಹೆಬ್ಬೆರಳನ್ನು ಮಾತ್ರ ಪಳಗಿಸತಕ್ಕದ್ದು. ಎಂಟು ಎಣಿಕೆಯ ಒಂದು ಆವರ್ತವನ್ನು ಇಟ್ಟುಕೊಂಡು, ೧, ೩, ೫, ೭ನೆಯ ಎಣಿಕೆಗಳಲ್ಲಿ ಕ್ರಮವಾಗಿ ೬, ೪, ೫, ೪ನೆಯ ತಂತಿಗಳನ್ನು ಹೆಬ್ಬೆರಳಿನಿಂದ ಮೀಟಬೇಕು. ಕೆಳಷಡ್ಜ, ಷಡ್ಜ, ಪಂಚಮ, ಷಡ್ಜ ಎಂದು ಅದು ಮೊಳಗುತ್ತಿರುತ್ತದೆ. ನಿಮಿಷಕ್ಕೆ ೬೦ ಎಣಿಕೆಗಿಂತ ವೇಗ ಬೇಡ. ಈ ಮೀಟು ನಿಲ್ಲದಂತೆ, ಬೇರೆ ಮಾತನಾಡುತ್ತಲೂ ಸಾಗಿಸಬಲ್ಲಷ್ಟು ರೂಢಿಯಾದ ಮೇಲೆಯೇ ಮುಂದಿನ ಹೆಜ್ಜೆ.

ಅನಂತರ ಬೆರಳುಗಳನ್ನು ಹೀಗೆ ಹಂಚಬೇಕು: ತೋರುಬೆರಳಿಗೆ ಮೂರನೆಯ ತಂತಿ, ನಡುಬೆರಳಿಗೆ ಎರಡನೆಯದು, ಉಂಗುರಬೆರಳಿಗೆ ಒಂದನೆಯದು. ಅಭ್ಯಾಸಕ್ಕಾಗಿಯೇ ಕಟ್ಟಿದ ಒಂದು ಸ್ವರಸಾಲನ್ನು ತೆಗೆದುಕೊಳ್ಳೋಣ. ಇದು ಯಾವ ಹಾಡಿನ ದಾಟಿಯೂ ಅಲ್ಲ.

ಸ ರಿ ಗ ರಿ | ಸ ದ ಪ ಸ

ಇದರಲ್ಲಿ ಧೈವತ ಪಂಚಮಗಳು ಎರಡನೆಯ ತಂತಿಯವು, ಉಳಿದವು ಒಂದನೆಯ ತಂತಿಯವು. ೧, ೩, ೫, ೭ನೆಯ ಎಣಿಕೆಗಳಲ್ಲಿ ಹೆಬ್ಬೆರಳೂ ಸ್ವರದ ಬೆರಳೂ ಚಿವುಟಿದಂತೆ ಒಟ್ಟಿಗೆ ಮೀಟುತ್ತವೆ. ೨, ೪, ೬, ೮ರಲ್ಲಿ ಸ್ವರದ ಬೆರಳು ಒಂದೇ ಮೀಟುತ್ತದೆ. ಇದು ಸರಾಗವಾದ ಮೇಲೆ ಸ್ವರಗಳನ್ನು ಒಂದೊಂದಾಗಿ ತಡಮಾಡಿ, ಹೆಬ್ಬೆರಳಿನ ಬಡಿತಕ್ಕೆ ತುಸು ಹಿಂದೆ ಬೀಳುವಂತೆ ನುಡಿಸಿ ನೋಡಬೇಕು. ಹೆಬ್ಬೆರಳು ಕದಲದೆ ನಿಂತು ದಾಟಿ ಮಾತ್ರ ಹಿಂದುಮುಂದಾಗಬಲ್ಲುದಾದರೆ, ಬೆರಳ ಮೀಟಿನ ಅರ್ಧ ವಿದ್ಯೆ ಕೈಗೂಡಿತೆಂದೇ ತಿಳಿಯಬಹುದು.

೬. ಮೂರು ಬಗೆಯ ಹಾಡುಗಳಿಗೆ ಅನ್ವಯ

ಬೀಸುವ ಪದದಲ್ಲಿ ಲಯವನ್ನು ಕೊಡುವುದು ತಾಳವಲ್ಲ, ಕಲ್ಲಿನ ಸುತ್ತು. ಗೂಟ ಹಿಡಿದ ಕೈ ಒಂದು ಸುತ್ತು ಬರುವಷ್ಟು ಹೊತ್ತೇ ಹಾಡಿನ ಅಳತೆ. ಈ ಸುತ್ತು ಗಡಿಯಾರದಂತೆ ಸಮವಲ್ಲ. ಕಾಳು ಹೆಚ್ಚು ಬಿದ್ದಾಗ ನಿಧಾನ, ಕಡಮೆಯಾದಾಗ ಹಗುರ. ಆದುದರಿಂದ ಮೇಲೆ ಹೇಳಿದ ನಾಲ್ಕು ಬಡಿತಗಳ ಹೆಬ್ಬೆರಳು ಇಲ್ಲಿ ಅತಿಯಾಗುತ್ತದೆ. ಒಂದು ಸುತ್ತಿಗೆ ಆರನೆಯ ತಂತಿಯನ್ನು ಒಮ್ಮೆ, ಅರ್ಧ ಸುತ್ತಿಗೆ ಐದನೆಯದನ್ನು ಒಮ್ಮೆ ಮೀಟಿದರೆ ಸಾಕು.

ಬೀಸುವ ಪದಗಳಲ್ಲಿ ತ್ರಿಪದಿ ವಿಶೇಷವಾಗಿ ಬರುತ್ತದೆ. ತ್ರಿಪದಿಯಲ್ಲಿ ಒಟ್ಟು ೧೧ ಗಣಗಳಿದ್ದು, ಆರನೆಯ ಹಾಗೂ ಹತ್ತನೆಯ ಗಣಗಳು ಬ್ರಹ್ಮಗಣಗಳೆಂದೂ ಉಳಿದವು ವಿಷ್ಣುಗಣಗಳೆಂದೂ ಛಂದಶ್ಶಾಸ್ತ್ರ ಹೇಳುತ್ತದೆ. ಓದುವಾಗ ಮೂರೇ ಸಾಲಾದರೂ ಹಾಡುವಾಗ ಎರಡನೆಯ ಸಾಲು ತಿರುಗಿ ಬಂದು ನಾಲ್ಕು ಸಾಲಿನಷ್ಟು ಬೆಳೆಯುವ ರೂಢಿಯುಂಟು. ಅಂಶಗಣದ ಅಕ್ಷರಗಳು ಮಾತ್ರೆಯ ಲೆಕ್ಕಕ್ಕೆ ಬಿಗಿಯಾಗಿ ಸಿಕ್ಕುವವಲ್ಲ; ಎಳೆದು ಹಾಡುವುದರಿಂದಲೇ ಗಣ ತುಂಬುತ್ತದೆ. ಈ ಎಳೆತಕ್ಕೆ ಛಂದಶ್ಶಾಸ್ತ್ರಜ್ಞರು ಕರ್ಷಣವೆಂದು ಹೆಸರಿಟ್ಟಿದ್ದಾರೆ. ಗಿಟಾರಿನ ನಿಜವಾದ ಪರೀಕ್ಷೆ ನಡೆಯುವುದು ಇಲ್ಲಿಯೇ. ಕಂಠವು ಒಂದು ಸ್ವರವನ್ನು ಹಿಡಿದು ಉಬ್ಬಿಸಬಲ್ಲುದು. ಮೀಟಿದ ತಂತಿಯ ನಾದವಾದರೋ ಹುಟ್ಟಿದ ಕ್ಷಣದಿಂದಲೇ ಕ್ಷೀಣಿಸತೊಡಗುತ್ತದೆ. ಹಾಗೆಂದು ಖಾಲಿ ಜಾಗವನ್ನು ತುಂಬಲು ಹೊಸ ಸ್ವರಗಳನ್ನು ಸೇರಿಸುವುದು ತಪ್ಪು. ಇದಕ್ಕೆ ಮೂರು ಉಪಾಯಗಳಿವೆ: ಅದೇ ಸ್ವರವನ್ನು ಮೆಲ್ಲಗೆ ಇನ್ನೊಮ್ಮೆ ಮೀಟುವುದು, ಒಮ್ಮೆ ಮೀಟಿ, ಒತ್ತಿದ ಎಡಗೈ ಬೆರಳನ್ನು ಮುಂದಿನ ಮೆಟ್ಟಿಲಿಗೆ ಜಾರಿಸುವುದು, ಇಲ್ಲವೇ ಸುಮ್ಮನಿದ್ದು ಹೆಬ್ಬೆರಳಿನ ಷಡ್ಜಕ್ಕೆ ಆ ಜಾಗವನ್ನು ಬಿಟ್ಟುಕೊಡುವುದು. ಮೂರನೆಯದು ಸುಲಭವಾಗಿ ಕಂಡರೂ ಕಲಿಯುವವರಿಗೆ ಅದೇ ಕಷ್ಟವಾದುದು.

ಸೋಬಾನೆಯಲ್ಲಿ ಮುಂದಾಳುವಿನ ಸಾಲೂ ಗುಂಪಿನ ಸೊಲ್ಲೂ ಒಂದಾದ ಮೇಲೊಂದು ಬರುತ್ತವೆ. ಮುಂದಾಳುವಿನ ಸಾಲನ್ನು ಒಂದನೆಯ ಎರಡನೆಯ ತಂತಿಗಳಲ್ಲಿ ಬೆರಳ ಮೀಟಿನಿಂದ ಬಿಡಿಸಿ, ಸೊಲ್ಲು ಬಂದಾಗ ಅದೇ ದಾಟಿಯನ್ನು ನಾಲ್ಕನೆಯ ತಂತಿಯಲ್ಲಿ ಕೆಳಸ್ಥಾಯಿಯ ಸ್ವರದೊಡನೆ ಸೇರಿಸಿ ನುಡಿಸಿದರೆ, ಒಬ್ಬಾಕೆಯ ದನಿಗೂ ಹಲವರ ದನಿಗೂ ಇರುವ ವ್ಯತ್ಯಾಸ ಒಂದೇ ವಾದ್ಯದಲ್ಲಿ ಕೇಳಿಬರುತ್ತದೆ. ನಾಲ್ಕನೆಯ ತಂತಿಯೂ ಒಂದನೆಯದೂ ಎರಡೂ ಷಡ್ಜದವಾದುದರಿಂದ ಸ್ವರಗಳ ಮೆಟ್ಟಿಲುಗಳು ಎರಡರಲ್ಲಿಯೂ ಒಂದೇ, ಹೊಸದಾಗಿ ಕಲಿಯಬೇಕಾದುದಿಲ್ಲ. ದಾಟಿ ಷಡ್ಜಕ್ಕಿಂತ ಕೆಳಗೆ ಇಳಿದಾಗ ಮಾತ್ರ ಐದನೆಯ ತಂತಿಗೆ ಸರಿಯಬೇಕು. ಗುಂಪಿನಲ್ಲಿ ಹಾಡುವ ಹೆಂಗಸರು ಸೊಲ್ಲನ್ನು ಒಟ್ಟಿಗೆ ಹಿಡಿಯುವುದಿಲ್ಲ. ಮುಂದಾಳುವಿನ ಕೊನೆಯ ಅಕ್ಷರ ಮುಗಿಯುವ ಮೊದಲೇ ಕೆಲವರು ಎತ್ತಿಕೊಳ್ಳುತ್ತಾರೆ. ಈ ಮೇಲುಹೊದಿಕೆಯನ್ನು ಕೂಡ ಉಳಿಸಿಕೊಳ್ಳಬೇಕು. ಒಂದನೆಯ ತಂತಿಯ ಕೊನೆಯ ಸ್ವರ ಮೊಳಗುತ್ತಿರುವಾಗಲೇ ನಾಲ್ಕನೆಯದರಲ್ಲಿ ಸೊಲ್ಲನ್ನು ಆರಂಭಿಸಿದರೆ ಅದು ಸಾಧ್ಯವಾಗುತ್ತದೆ.

ತಂಬೂರಿಯ ಪದಕ್ಕೆ ಮಿಶ್ರ ಮೀಟು ಹೆಚ್ಚು ಒಪ್ಪುತ್ತದೆ. ನೀಲಗಾರರ ಹಾಡಿನಲ್ಲಿ ತಂಬೂರಿಯ ನಾದದೊಡನೆ ಗಗ್ಗರ ಡಕ್ಕಿಗಳ ಗಡಸು ಬಡಿತವೂ ಸೇರಿದೆ. ಮೆತ್ತಗಿನ ಹೆಬ್ಬೆರಳಿನಿಂದ ಅದು ಬರುವುದಿಲ್ಲ, ಪಿಕ್ಕಿನಿಂದ ಬರುತ್ತದೆ. ನಾಲ್ಕು, ಐದು, ಆರನೆಯ ತಂತಿಗಳನ್ನು ಪಿಕ್ಕಿನಿಂದ ಮೀಟುತ್ತ, ಎರಡನೆಯದನ್ನು ನಡುಬೆರಳಿನಿಂದಲೂ ಒಂದನೆಯದನ್ನು ಉಂಗುರಬೆರಳಿನಿಂದಲೂ ನುಡಿಸಬೇಕು. ಪಿಕ್ಕು ಹಿಡಿದುದರಿಂದ ತೋರುಬೆರಳು ಕೆಲಸಕ್ಕೆ ಸಿಕ್ಕುವುದಿಲ್ಲ. ಮೂರನೆಯ ತಂತಿಯ ಹೊಣೆಯೂ ನಡುಬೆರಳಿಗೇ ಬೀಳುತ್ತದೆ. ಬೆರಳ ಮೀಟಿಗೆ ಹೋಲಿಸಿದರೆ ಇದು ಮಿಶ್ರ ಮೀಟಿನ ಕೊರತೆ. ಗುಣವೆಂದರೆ, ಕಥೆಯ ನಡುವೆ ಬಡಿತವನ್ನು ಒಮ್ಮೆಗೇ ಏರಿಸಬೇಕಾದಾಗ ಕೈಯ ನೆಲೆಯನ್ನು ಬದಲಿಸದೆಯೇ ಪಿಕ್ಕಿನಿಂದ ಎಲ್ಲ ತಂತಿಗಳನ್ನೂ ಎಳೆಯಬಹುದು. ನೀಲಗಾರರ ಕಾವ್ಯ ಪೂರ್ತಿ ಹಾಡಲ್ಲ. ಪದ್ಯದ ನಡುನಡುವೆ ಗದ್ಯದ ಮಾತು ಬರುತ್ತದೆ. ಹಾಡು ನಿಂತು ಮಾತು ನಡೆಯುವಾಗ ದಾಟಿಯ ಬೆರಳುಗಳು ಸುಮ್ಮನಿದ್ದು ಪಿಕ್ಕಿನ ಆಧಾರ ಮಾತ್ರ ಸಾಗುತ್ತಿರಬೇಕು. ಆ ಆಧಾರವೂ ನಿಂತರೆ ಕಥೆಯ ಎಳೆ ಕಡಿದಂತಾಗುತ್ತದೆ.

೭. ಎರಡು ಆಕ್ಷೇಪಣೆಗಳು

ಈ ಪ್ರಯತ್ನದ ವಿಷಯದಲ್ಲಿ ಎರಡು ಆಕ್ಷೇಪಣೆಗಳು ಏಳಬಹುದು. ಜನಪದ ಗೀತೆಗೆ ಜನಪದ ವಾದ್ಯವೇ ಇರುವಾಗ ಗಿಟಾರೇಕೆ ಎಂಬುದು ಮೊದಲನೆಯದು. ವಾದ್ಯಗಳು ಊರಿಂದೂರಿಗೆ ಹೋಗುವುದು ಹೊಸತಲ್ಲ. ಹಾರ್ಮೋನಿಯಮ್ ನಮ್ಮ ಹಳ್ಳಿಯ ನಾಟಕ ಭಜನೆಗಳಲ್ಲಿ ಬೇರೂರಿ ಎಷ್ಟೋ ಕಾಲವಾಯಿತು. ಶಿಶುನಾಳ ಶರೀಫರ (೧೮೧೯–೧೮೮೯) ತತ್ತ್ವಪದಗಳನ್ನು ರಘು ದೀಕ್ಷಿತರು ಗಿಟಾರಿನೊಡನೆ ಹಾಡಿದಾಗ, ಏಕತಾರಿಯ ದನಿಯನ್ನೇ ಕೇಳದಿದ್ದ ಒಂದು ತಲೆಮಾರು ಆ ಪದಗಳ ಕಡೆಗೆ ಕಿವಿಗೊಟ್ಟಿತು. ಆದುದರಿಂದ ಗಿಟಾರನ್ನು ನಿರಾಕರಿಸುವುದಕ್ಕಿಂತ ಅದಕ್ಕೆ ಮರ್ಯಾದೆ ಕಲಿಸುವುದೇ ಮೇಲು. ಆದರೆ ಗಿಟಾರು ತಂಬೂರಿಯ ಸ್ಥಾನವನ್ನು ಆಕ್ರಮಿಸತಕ್ಕದ್ದಲ್ಲ. ತಂಬೂರಿ ಇರುವಲ್ಲಿ ಗಿಟಾರು ಕೇಳುವ ವಿದ್ಯಾರ್ಥಿಯಾಗಿಯೇ ಇರಬೇಕು.

ಎರಡನೆಯ ಆಕ್ಷೇಪಣೆ ಇದಕ್ಕಿಂತ ಗಂಭೀರವಾದುದು. ನೀಲಗಾರನ ತಂಬೂರಿ ಬರಿಯ ವಾದ್ಯವಲ್ಲ. ದೀಕ್ಷೆಯೊಡನೆ ಬಂದ ವಸ್ತು. ಈ ಪರಂಪರೆಯನ್ನು ಹೊತ್ತು ತಂದವರಲ್ಲಿ ಬಹುಮಂದಿ ಊರಿನ ಹೊರಗೆ ನಿಲ್ಲಿಸಲ್ಪಟ್ಟ ಜನ. ಹಾಡೇ ಅವರ ಜೀವನೋಪಾಯ, ಹಾಡೇ ಅವರ ಗೌರವ. ಆ ಹಾಡನ್ನು ಗಿಟಾರಿಗೆ ಇಳಿಸಿಕೊಂಡು ವೇದಿಕೆಯೇರುವ ವಿದ್ಯಾರ್ಥಿಗೆ ಚಪ್ಪಾಳೆಯೂ, ಕಲಿಸಿದವನಿಗೆ ಮರೆವೂ ದೊರೆಯುವುದಾದರೆ ಅದು ಸಂಗ್ರಹವಲ್ಲ, ಅಪಹಾರ. ಸೋಬಾನೆ ಹೇಳುವ ಹೆಂಗಸರ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಅವರ ಹಾಡು ‘ಅಜ್ಞಾತ ಕವಿಯದು’ ಎಂದು ಅಚ್ಚಾಗುವುದೇ ಹೆಚ್ಚು, ಹಾ­ಡಿದಾಕೆಯ ಹೆಸರು ಅಚ್ಚಾಗುವುದು ಕಡಮೆ. ದಾಟಿಯನ್ನು ಕಲಿಯಬಹುದು, ದೀಕ್ಷೆಯನ್ನು ನಟಿಸಬಾರದು. ಹಾಡಿಕೊಟ್ಟವರ ಒಪ್ಪಿಗೆ ಪಡೆದು, ಅವರು ಬಯಸಿದರೆ ಅವರ ಹೆಸರನ್ನು ಹೇಳಿ, ಸಂಭಾವನೆ ಬಂದರೆ ಅವರ ಪಾಲನ್ನು ಮುಟ್ಟಿಸಿಯೇ ನುಡಿಸತಕ್ಕದ್ದು.

೮. ಉಪಸಂಹಾರ

ಇಷ್ಟು ವಿವೇಚನೆಯಿಂದ ಕಾಲೇಜುಗಳಲ್ಲಿ ಕೈಗೊಳ್ಳಬಹುದಾದ ಒಂದು ಕ್ರಮ ತಾನಾಗಿ ಹೊರಡುತ್ತದೆ. ವಿದ್ಯಾರ್ಥಿಯು ಮೊದಲು ತನ್ನ ಮನೆಯಲ್ಲಿಯೋ ನೆರೆಯಲ್ಲಿಯೋ ಹಾಡು ಬಲ್ಲ ಹಿರಿಯರೊಬ್ಬರನ್ನು ಕಂಡು, ಒಪ್ಪಿಗೆ ಪಡೆದು, ಮೊಬೈಲ್ ದೂರವಾಣಿಯಲ್ಲಿಯೇ ಆಗಲಿ ಹಾಡನ್ನು ಮುದ್ರಿಸಿಕೊಳ್ಳಬೇಕು. ಊರು, ದಿನ, ಹಾಡಿನ ಸಂದರ್ಭಗಳನ್ನು ಬರೆದಿಡಬೇಕು. ಗಿಟಾರನ್ನು ಮುಟ್ಟುವ ಮೊದಲು ಹಾಡನ್ನು ಬಾಯಲ್ಲಿ ಕಲಿಯಬೇಕು. ಹಾಡಿಕೊಟ್ಟವರ ಎದುರಿಗೆ ಹಾಡಿ ತೋರಿಸಿ, ಅವರು ತಿದ್ದಿದುದನ್ನು ತಿದ್ದಿಕೊಳ್ಳಬೇಕು. ಆಮೇಲೆ ಅವರ ಷಡ್ಜಕ್ಕೆ ವಾದ್ಯವನ್ನು ಹೊಂದಿಸಿ, ಹೆಬ್ಬೆರಳಿನ ಆಧಾರವನ್ನು ನಿಲ್ಲಿಸಿ, ದಾಟಿಯನ್ನು ಬಿಡಿಸಬೇಕು. ಕೊನೆಯಲ್ಲಿ ಗಿಟಾರಿನ ನುಡಿಕೆಯನ್ನೂ ಅವರಿಗೆ ಕೇಳಿಸಬೇಕು. ‘ಇದು ನಮ್ಮ ಹಾಡೇ’ ಎಂದು ಅವರು ಗುರುತಿಸಿದರೆ ಪ್ರಯತ್ನ ಸಫಲವಾದಂತೆ. ಗುರುತು ಹತ್ತದಿದ್ದರೆ ವಿದ್ಯಾರ್ಥಿಯು ಮತ್ತೆ ಮೊದಲ ಹೆಜ್ಜೆಗೆ ಹೋಗಬೇಕು. ಇದಕ್ಕಿಂತ ಉತ್ತಮವಾದ ಪರೀಕ್ಷಕರನ್ನು ಯಾವ ವಿಶ್ವವಿದ್ಯಾನಿಲಯವೂ ನೇಮಿಸಲಾರದು.

ಹೀಗೆ ಕಲಿತ ಒಂದೊಂದು ಹಾಡಿನ ಧ್ವನಿಮುದ್ರಣವೂ ಸ್ವರಲಿಪಿಯೂ ಕಾಲೇಜಿನ ಗ್ರಂಥಾಲಯದಲ್ಲಿ ಸೇರುತ್ತ ಹೋದರೆ, ಅಚ್ಚಿನ ಪುಟ ಉಳಿಸಲಾರದೆ ಬಿಟ್ಟುದನ್ನು ಸ್ವಲ್ಪಮಟ್ಟಿಗಾದರೂ ಕೂಡಿಟ್ಟಂತಾಗುತ್ತದೆ. ಹೊಳಲಿನಂತಹ ಊರುಗಳಲ್ಲಿ ರಾಗಿಕಲ್ಲನ್ನು ನಿತ್ಯವೂ ತಿರುಗಿಸಿದ ಕೈಗಳು ಈಗ ಮುಪ್ಪಿನವು. ಮಾತನ್ನು ನಮ್ಮ ಹಿರಿಯ ಸಂಗ್ರಾಹಕರು ಉಳಿಸಿಕೊಟ್ಟಿದ್ದಾರೆ. ದಾಟಿಯನ್ನು ಉಳಿಸಿಕೊಳ್ಳುವ ಹೊಣೆ ನಮ್ಮ ಮತ್ತು ನಮ್ಮ ವಿದ್ಯಾರ್ಥಿಗಳ ಮೇಲಿದೆ.